ಮಳೆಗಾಲಕ್ಕೊಂದು ಆಟದ ಕೋಣೆ: ಚೇರಂಬಾಣೆಯಲ್ಲಿ ಕಟ್ಟಿದ್ದು, ಗ್ಲಾಸ್ಗೋದಲ್ಲೂ ಕಟ್ಟಬಹುದಾದದ್ದು

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಎರಡೂವರೆ ವರ್ಷದ ಮಗುವಿಗೆ ಅಂಗಳ ಅನ್ನುವುದು ಇರುವುದಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ನಮ್ಮ ಮನೆ ಇರುವುದು ಚೇರಂಬಾಣೆ ಹತ್ತಿರ, ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ. ಭಾಗಮಂಡಲ ಹತ್ತಿರವಾದಷ್ಟೂ ಮಳೆ ಏರುತ್ತಾ ಹೋಗುತ್ತದೆ. ಜುಲೈನಲ್ಲಿ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದರೆ ಅಂಗನವಾಡಿಯೂ ಮುಚ್ಚುತ್ತದೆ. ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ.

ಅಕ್ಕ ಗ್ಲಾಸ್ಗೋದಲ್ಲಿದ್ದಾಳೆ. ಈ ಸಲ ಅವಳಿಗೆ ರಜೆ ಸಿಕ್ಕಿದ್ದು ಮಳೆಗಾಲದಲ್ಲಿ, ಮಗಳನ್ನೂ ಕರೆದುಕೊಂಡು ಬಂದಳು. ಅಲ್ಲಿ ಮಳೆ ಬಂದರೆ ಪುಟ್ಟಿಗೆ ಹೋಗಲು ಜಾಗಗಳಿವೆ. ಲೈಬ್ರರಿಯಲ್ಲಿ ಬುಕ್‌ಬಗ್ ಅಂತ ಪುಟ್ಟ ಮಕ್ಕಳಿಗೆ ಹಾಡು, ಪ್ರಾಸ, ಕತೆ ಹೇಳಿಸುತ್ತಾರೆ, ದುಡ್ಡು ಕೊಡಬೇಕಿಲ್ಲ. ಮೆತ್ತೆ ತುಂಬಿದ ಒಳಾಂಗಣ ಆಟದ ಮನೆಗಳಿವೆ, ಅವಕ್ಕೆ ಟಿಕೆಟ್ಟು. ಬರುವ ಮೊದಲೇ ಅಕ್ಕ ಫೋನಿನಲ್ಲಿ ಹೇಳಿದ್ದಳು: "ಲೋ, ಅವಳಿಗೆ ಹತ್ತಿ ಇಳಿಯೋಕೆ ಏನಾದ್ರೂ ಮಾಡಿಡು ಕಣೋ. ಬೊಂಬೆ ಗಿಂಬೆ ತರಬೇಡ, ಇಲ್ಲಿ ಬೇಕಾದಷ್ಟು ಬಿದ್ದಿವೆ. ಮಾಡೋದನ್ನ ಅಳತೆ ಸಮೇತ ಬರೆದಿಡು. ವಾಪಸ್ ಹೋದ ಮೇಲೆ ನಮ್ಮನೇಲೂ ಮಾಡಿಸ್ತೀನಿ."

ಈ ಬರಹ ಆ ಅಳತೆಪಟ್ಟಿಯಿಂದ ಬೆಳೆದದ್ದು. ಅವಳ ಮನೆ ಬಾಡಿಗೆ ಫ್ಲಾಟು, ಎರಡನೇ ಮಹಡಿ. ಮಾಲೀಕರ ಒಪ್ಪಿಗೆ ಇಲ್ಲದೆ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಕೆಳಗಿನ ಮನೆಯವರಿಗೆ ದಡಬಡ ಕೇಳಬಾರದು. ಬ್ರಿಟನ್ನಿನ ಮನೆಗಳಲ್ಲಿ ಒಳಬಾಗಿಲು ಸಾಮಾನ್ಯವಾಗಿ 762 ಮಿ.ಮೀ. ಅಗಲ, ಅಂದರೆ ಎರಡೂವರೆ ಅಡಿ. ಮಾಡಿದ ವಸ್ತು ಅದರಲ್ಲಿ ಹಾದು ಹೋಗಬೇಕು, ಮಡಚಿದರೆ ಮಂಚದ ಕೆಳಗೆ ಸೇರಬೇಕು. ಅಲ್ಲಿನ ಮಳೆ ನಮ್ಮ ಹಾಗೆ ನಾಲ್ಕು ತಿಂಗಳು ಸುರಿದು ಮುಗಿಯುವುದಲ್ಲ, ವರ್ಷಪೂರ್ತಿ ತುಂತುರು. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಇಲ್ಲಿ ಜುಲೈಗೆ ಬೇಕಾದದ್ದು ಅಲ್ಲಿ ಚಳಿಗಾಲಕ್ಕೆ ಬೇಕು.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐದು ವರ್ಷದೊಳಗಿನ ಮಕ್ಕಳಿಗೆ ಮಾರ್ಗಸೂಚಿ ಕೊಟ್ಟಿತು. ಒಂದು, ಎರಡು ವರ್ಷದವರು ದಿನಕ್ಕೆ ಕನಿಷ್ಠ 180 ನಿಮಿಷ ಮೈಯಾಡಿಸಬೇಕು. ಎರಡು ವರ್ಷದವರಿಗೆ ಪರದೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಅಂತ. ಮಳೆಯಲ್ಲಿ ಮನೆಯೊಳಗೆ ಮೂರು ಗಂಟೆಯ ಮೈಯಾಟ ಎಲ್ಲಿಂದ ತರುವುದು? ಈ ವಯಸ್ಸಿನ ಮಕ್ಕಳನ್ನು ಸ್ವಲ್ಪ ಹೊತ್ತು ಸುಮ್ನೆ ಕೂತು ನೋಡಿದರೆ ಅವರು ಮಾಡುವುದು ನಾಲ್ಕೇ ಕೆಲಸ: ಹತ್ತುತ್ತಾರೆ, ಹೊರುತ್ತಾರೆ, ಸುರಿಯುತ್ತಾರೆ, ಅಡಗುತ್ತಾರೆ. ಕೋಣೆಯಲ್ಲಿ ಈ ನಾಲ್ಕಕ್ಕೂ ಜಾಗ ಇದ್ದರೆ ಆಟಿಕೆ ಇಲ್ಲದಿದ್ದರೂ ನಡೆಯುತ್ತದೆ ಅನ್ನುವುದು ನನ್ನ ನಂಬಿಕೆ. ಅದರ ಮೇಲೆಯೇ ಎಲ್ಲವನ್ನೂ ಕಟ್ಟಿದೆ.

ಕೋಣೆ ಮತ್ತು ನೆಲ

ಎಲ್ಲರೂ ಮೊದಲು ಹೇಳಿದ್ದು ಜಗಲಿ. ಗಾಳಿ ತಿರುಗಿದರೆ ಎರಚಲು ಜಗಲಿಯ ಗೋಡೆ ತನಕ ಬರುತ್ತದೆ, ಅದಕ್ಕೆ ಬಿಟ್ಟೆ. ಆರಿಸಿದ್ದು ಅಡುಗೆಮನೆಗೆ ಅಂಟಿಕೊಂಡ ನಡುಕೋಣೆ, 12 ಅಡಿಗೆ 10 ಅಡಿ. ಒಲೆಯ ಬಿಸಿ ಗೋಡೆಗೆ ತಾಗುತ್ತದೆ, ಅಮ್ಮನಿಗೆ ಅಡುಗೆ ಮಾಡುತ್ತಲೇ ಮಗು ಕಾಣುತ್ತದೆ.

ನೆಲ ಕೆಂಪು ಆಕ್ಸೈಡಿನದು. ಮಳೆಗಾಲದಲ್ಲಿ ಅದು ಬೆವರುತ್ತದೆ. ತಣ್ಣಗಿನ ನೆಲಕ್ಕೆ ತೇವ ತುಂಬಿದ ಗಾಳಿ ತಾಗಿ ನೀರು ಕೂರುತ್ತದೆ, ದೊಡ್ಡವರೇ ಜಾರುತ್ತಾರೆ. ಜಮಖಾನ ಹಾಸಿದರೆ ಅದೂ ಜಾರುತ್ತದೆ, ಹತ್ತಿ ಹಾಸಿಗೆ ಹಾಕಿದರೆ ನಾಲ್ಕು ದಿನದಲ್ಲಿ ಅಡಿಗೆ ಬೂಷ್ಟು ಹಿಡಿಯುತ್ತದೆ. ನೀರು ಕುಡಿಯದ ಫೋಮ್ ಮ್ಯಾಟೇ ಸರಿ. ಒಂದಕ್ಕೊಂದು ಹಲ್ಲು ಸಿಕ್ಕಿಸುವ ಚೌಕಗಳು ಮಡಿಕೇರಿಯಲ್ಲೇ ಸಿಕ್ಕವು. ಅಂಚಿನ ಸಣ್ಣ ಪಟ್ಟಿಗಳನ್ನು ಕಿತ್ತು ಬೇರೆ ಇಟ್ಟೆ, ಮಕ್ಕಳು ಮೊದಲು ಕಚ್ಚುವುದೇ ಅವನ್ನು. ದಿನಾ ಬೆಳಿಗ್ಗೆ ಮ್ಯಾಟು ಎತ್ತಿ ಅಡಿ ಒರೆಸಿ, ಒಲೆ ಬದಿಯ ಗೋಡೆಗೆ ಸ್ವಲ್ಪ ಹೊತ್ತು ಒರಗಿಸುತ್ತೇವೆ. ಈ ಕೆಲಸ ತಪ್ಪಿಸುವ ಹಾಗಿಲ್ಲ.

ಒಂದು ಮಾತು ಜೋರಾಗಿಯೇ ಹೇಳಬೇಕು. ನಮ್ಮ ಕಡೆ ಚಳಿ ಜಾಸ್ತಿಯಾದರೆ ಕೋಣೆಯೊಳಗೆ ಅಗ್ಗಿಷ್ಟಿಕೆ ಇಡುವ ರೂಢಿ ಇದೆ. ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಇಂಗಾಲದ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಜೀವ ತೆಗೆಯುತ್ತದೆ. ಮಗು ಆಡುವ, ಮಲಗುವ ಕೋಣೆಗೆ ಕೆಂಡ ಬೇಡವೇ ಬೇಡ. ಇನ್ನೊಂದು ಸ್ವೆಟರ್ ಹಾಕಿ.

ಹತ್ತುವ ತ್ರಿಕೋನ

ಇಡೀ ಕೋಣೆಯ ಮುಖ್ಯ ವಸ್ತು ಇದು, ಹೆಚ್ಚು ಸಮಯ ಹಿಡಿದದ್ದೂ ಇದೇ. ಎರಡು ಗಿಡ್ಡ ಏಣಿಗಳನ್ನು ತುದಿಯಲ್ಲಿ ಸೇರಿಸಿ ನಿಲ್ಲಿಸಿದರೆ ತ್ರಿಕೋನ ಆಗುತ್ತದೆ, ಮಗು ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆ ಇಳಿಯುತ್ತದೆ. ಇಂಥದ್ದಕ್ಕೆ ಪಿಕ್ಲರ್ ತ್ರಿಕೋನ ಅಂತ ಹೆಸರು. ಎಮ್ಮಿ ಪಿಕ್ಲರ್ (1902–1984) ಹಂಗೇರಿಯ ಮಕ್ಕಳ ಡಾಕ್ಟರ್. 1946ರಲ್ಲಿ ಬುಡಾಪೆಸ್ಟಿನಲ್ಲಿ ತಂದೆತಾಯಿ ಇಲ್ಲದ ಮಕ್ಕಳಿಗೆ ಆಶ್ರಮ ಶುರು ಮಾಡಿದರು. ಮಗುವಿನ ಮೈ ತನ್ನ ಹೊತ್ತಿಗೆ ತಾನೇ ಕಲಿಯಲಿ, ದೊಡ್ಡವರು ಅವಸರ ಮಾಡಬಾರದು ಅನ್ನುವುದು ಅವರ ವಿಚಾರ. ಅದರಿಂದ ನಾವು ಒಂದು ನಿಯಮ ಮಾಡಿಕೊಂಡೆವು: ಮಗು ತಾನಾಗಿ ಹತ್ತದ ಎತ್ತರಕ್ಕೆ ಯಾರೂ ಎತ್ತಿ ಕೂರಿಸುವಂತಿಲ್ಲ. ತಾನೇ ಹತ್ತಿದ ಮಗುವಿಗೆ ಇಳಿಯುವ ದಾರಿಯೂ ಗೊತ್ತಿರುತ್ತದೆ. ಇದನ್ನು ಒಪ್ಪಲು ಅಪ್ಪನಿಗೆ ತುಂಬಾ ಕಷ್ಟವಾಯಿತು, ಕೈ ತಾನಾಗಿ ಮುಂದೆ ಹೋಗುತ್ತಿತ್ತು.

ಮರದ ವಿಷಯ ಮೊದಲು. ಮಳೆಗಾಲದಲ್ಲಿ ಹೊಸ ಮರದ ಕೆಲಸ ಹಿಡಿಯಬಾರದು, ಹಿಡಿಯಲೇಬೇಕಾದರೆ ಒಣಗಿದ ಹಳೆ ಮರ ಹುಡುಕಬೇಕು. ನಮ್ಮ ಅಟ್ಟದಲ್ಲಿ, ಒಲೆಯ ನೇರ ಮೇಲೆ, ಹಳೇ ಕೊಟ್ಟಿಗೆ ಬಿಚ್ಚಿದಾಗ ಉಳಿದ ಹಲಸಿನ ರೀಪುಗಳಿದ್ದವು. ವರ್ಷಗಟ್ಟಲೆ ಹೊಗೆ ಕುಡಿದು ಒಣಗಿದವು. ತೋಪಡ ಹೊಡೆದ ಕೂಡಲೇ ಒಳಗಿನ ಹಳದಿ ಬಣ್ಣ ಹೊಳೆಯಿತು. ಒಣಗಿದೆಯೋ ಇಲ್ಲವೋ ತಿಳಿಯಲು ಯಂತ್ರ ಬೇಕಿಲ್ಲ. ಒಂದು ತುಂಡು ಕತ್ತರಿಸಿ ಅಡುಗೆ ತಕ್ಕಡಿಯಲ್ಲಿ ತೂಗಿ, ಒಲೆ ಮೇಲೆ ತೂಗುಹಾಕಿ, ದಿನಾ ತೂಗುತ್ತಾ ಬನ್ನಿ. ತೂಕ ಇಳಿಯುವುದು ನಿಂತರೆ ಒಣಗಿದೆ ಅಂತ ಅರ್ಥ.

ತೋಟದಲ್ಲಿ ಬೇಕಾದಷ್ಟು ಸಿಲ್ವರ್ ಓಕ್ ಇದೆಯಲ್ಲ ಅಂತ ಕೇಳಬಹುದು. ಹಸಿ ಮರ ಒಣಗುತ್ತಾ ತಿರುಚಿಕೊಳ್ಳುತ್ತದೆ. ಅದರ ಹೊಟ್ಟು, ರಸ ತಾಗಿದರೆ ಕೆಲವರ ಚರ್ಮಕ್ಕೆ ಕೆರೆತ, ಗುಳ್ಳೆ ಬರುವುದೂ ಉಂಟು. ಮಗು ದಿನಾ ಅಪ್ಪಿ ಹಿಡಿಯುವ ವಸ್ತುವಿಗೆ ಬೇಡ ಅನಿಸಿತು.

ಅಡ್ಡಕೋಲುಗಳನ್ನು ಕುಶಾಲನಗರದಲ್ಲಿ ಆಚಾರ್ರ ಹತ್ತಿರ ಲೇತಿನಲ್ಲಿ ಕಡೆಸಿದೆ, ನಂದಿ ಮರದಲ್ಲಿ. ಅಲ್ಲಿಗೇ ಹೋದದ್ದಕ್ಕೆ ಕಾರಣ ಇದೆ. ಕುಶಾಲನಗರ ಘಟ್ಟದ ಮಳೆ ಮರೆಯಲ್ಲಿದೆ, ಮಡಿಕೇರಿಯ ಅರ್ಧದಷ್ಟೂ ಮಳೆ ಅಲ್ಲಿಲ್ಲ. ಅಲ್ಲಿ ಮರ ಪೇರಿಸಿಟ್ಟರೆ ಒಣಗುತ್ತದೆ. "ಮಗು ಹತ್ತೋದಕ್ಕಾ? ಗಂಟು ಇರೋ ಮರ ಹಾಕಲ್ಲ ಬಿಡಿ" ಅಂತ ಆಚಾರ್ರು ತಾವೇ ಒಂದೊಂದು ತುಂಡನ್ನೂ ತಿರುಗಿಸಿ ನೋಡಿ ಆರಿಸಿದರು. ಗಂಟು ಇರುವ ಜಾಗದಲ್ಲೇ ಕೋಲು ಮುರಿಯುವುದು.

ಈಗ ಅಳತೆ. ಮಾಡಿಸುವವರು ಇದನ್ನು ಹಾಗೇ ಬರೆದುಕೊಳ್ಳಬಹುದು.

ಏಣಿಯ ಬದಿಯ ಪಟ್ಟಿಗಳು 92 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, 3.8 ಸೆಂ.ಮೀ. ದಪ್ಪ. ಅಂಥವು ನಾಲ್ಕು. ಅಡ್ಡಕೋಲು 28 ಮಿ.ಮೀ. ದಪ್ಪ, ಪುಟ್ಟ ಬೆರಳುಗಳು ಸುತ್ತಿ ಹಿಡಿಯಲು ಅದು ಸರಿ. ಏಣಿಗೆ ಏಳರಂತೆ ಹದಿನಾಲ್ಕು. ಪಾದದಿಂದ 11 ಸೆಂ.ಮೀ.ಗೆ ಮೊದಲ ಕೋಲಿನ ನಡು, ಅಲ್ಲಿಂದ 11ಕ್ಕೆ ಒಂದರಂತೆ 77ರ ತನಕ. 88ಕ್ಕೆ ತುದಿಯ ಬೋಲ್ಟು. ಹೊರಗಿನ ಏಣಿಯ ಒಟ್ಟು ಅಗಲ 60 ಸೆಂ.ಮೀ., ಒಳಗಿನದು 52. ಒಂದರೊಳಗೆ ಒಂದು ಕೂರಬೇಕು, ನಡುವೆ ವಾಷರಿಗೆ ಜಾಗ ಬೇಕು, ಅದಕ್ಕೇ ಎರಡು ಅಗಲ.

11 ಸೆಂ.ಮೀ. ಯಾಕೆ? ಆಟದ ಮೈದಾನದ ಸಲಕರಣೆಗಳಿಗೆ ಸುರಕ್ಷತೆಯ ಲೆಕ್ಕವೊಂದಿದೆ. 9ರಿಂದ 23 ಸೆಂ.ಮೀ. ನಡುವಿನ ಸಂದು ಅಪಾಯ. ಮಗುವಿನ ಮೈ ತೂರುತ್ತದೆ, ತಲೆ ಸಿಕ್ಕಿಬೀಳುತ್ತದೆ. ಸಂದು ಒಂದೋ 9ಕ್ಕಿಂತ ಕಡಿಮೆ ಇರಬೇಕು, ಇಲ್ಲವೋ 23ಕ್ಕಿಂತ ಹೆಚ್ಚು. ಕೋಲಿನ ದಪ್ಪ ಕಳೆದರೆ ನಮ್ಮ ಸಂದು 8.2 ಸೆಂ.ಮೀ. ತ್ರಿಕೋನದ ಮೂರೂ ಬದಿ 88 ಇರುವ ಹಾಗೆ ನಿಲ್ಲಿಸಿದರೆ ತುದಿಯಲ್ಲಿ ಆ ಕಡೆಯ ಕೋಲಿಗೂ ಈ ಕಡೆಯ ಕೋಲಿಗೂ ನಡುವೆ ಅದೇ 8.2 ಸಿಗುತ್ತದೆ. ಕೆಳಗಿನ ಕೋಲಿಗೂ ನೆಲಕ್ಕೂ ನಡುವೆ 8ರ ಆಸುಪಾಸು. ಎತ್ತರ 76 ಸೆಂ.ಮೀ. ಈ ಲೆಕ್ಕ ಕೂಡಿಬಂದ ರಾತ್ರಿ ನನಗಾದ ಖುಷಿ ಹೇಳತೀರದು. ಅಲ್ಲಿಯ ತನಕ ತುದಿಯ ಸಂದಿನದೇ ಚಿಂತೆಯಾಗಿತ್ತು.

ಕೋಲಿನ ಎರಡೂ ತುದಿಯನ್ನು 25 ಮಿ.ಮೀ. ದಪ್ಪಕ್ಕೆ, 25 ಮಿ.ಮೀ. ಉದ್ದಕ್ಕೆ ಇಳಿಸಿ ಕಡೆಸಿದೆ. ಹೊರ ಏಣಿಯ ಕೋಲಿನ ಪೂರ್ತಿ ಉದ್ದ 57.4 ಸೆಂ.ಮೀ., ಒಳ ಏಣಿಯದು 49.4. ಪಟ್ಟಿಯಲ್ಲಿ ಅಷ್ಟೇ ಅಳತೆಯ ಕುರುಡು ತೂತು, ಆಚೆ ಬದಿಗೆ ಹೊರಬರಬಾರದು. ತೂತು ಕೊರೆದ ದಿನ ಧಾರಾಕಾರ ಮಳೆ. ಅಟ್ಟದಿಂದ ಇಳಿಸಿದ ಪಟ್ಟಿ ಒಣಗಿತ್ತು, ಕೋಲುಗಳು ಕುಶಾಲನಗರದಿಂದ ಬಂದು ಜಗಲಿಯಲ್ಲಿದ್ದಾಗ ತೇವ ಕುಡಿದಿದ್ದವು. ಕೋಲಿನ ಕೆಲವು ತುದಿಗಳು ತೂತಿಗೆ ಹೋಗಲಿಲ್ಲ. ಬಲವಂತ ಮಾಡಿದರೆ ಪಟ್ಟಿ ಸೀಳುತ್ತದೆ. ಕೋಲುಗಳನ್ನೂ ಒಲೆ ಮೇಲಿನ ಅಟ್ಟಕ್ಕೆ ಹಾಕಿ ಕಾದೆವು, ಆಮೇಲೆ ಕೈಯಲ್ಲೇ ಒತ್ತಿದರೆ ಹೋದವು. ಒಟ್ಟಿಗೆ ಸೇರಿಸುವ ಎಲ್ಲ ಮರವೂ ಜೋಡಿಸುವ ಮೊದಲು ಒಂದೇ ಜಾಗದಲ್ಲಿ ಇದ್ದು ಒಂದೇ ಹವೆ ಕಂಡಿರಬೇಕು. ಗ್ಲಾಸ್ಗೋದಲ್ಲಿ ಹೀಟರ್ ಹಾಕಿದ ಮನೆಗೆ ಇದು ಇನ್ನೂ ಮುಖ್ಯ. ಅಂಗಡಿಯಿಂದ ತಂದ ಮರವನ್ನು ಆ ಕೋಣೆಯಲ್ಲೇ ಕೆಲವು ದಿನ ಬಿಟ್ಟು ಆಮೇಲೆ ಕೆಲಸ ಶುರು ಮಾಡಬೇಕು.

ಕೂಡಿಸಲು ನೀರಿಗೆ ಬಿಡದ ಮರದ ಅಂಟು, ಜೊತೆಗೆ ಹೊರಗಿನಿಂದ ಪ್ರತಿ ತುದಿಗೂ ಎರಡೂವರೆ ಇಂಚಿನ ಒಂದು ಸ್ಕ್ರೂ. ಬರೀ ಅಂಟು ಸಾಲದು, ಫೆಬ್ರವರಿಯ ಒಣಹವೆಗೆ ಕೋಲು ಕುಗ್ಗಿ ತಿರುಗತೊಡಗುತ್ತದೆ. ಸ್ಕ್ರೂ ತಲೆ ಒಳಗೆ ಕೂರುವ ಹಾಗೆ ಮಾಡಿ ಮೇಣ ತುಂಬಿದೆ. ತುದಿಗೆ ನಾಲ್ಕು ಇಂಚಿನ 10 ಮಿ.ಮೀ. ಬೋಲ್ಟು, ಟೋಪಿಯಂಥ ಗುಂಡು ನಟ್ಟು. ಪಟ್ಟಿಯ ಪಾದವನ್ನು 30 ಡಿಗ್ರಿ ಓರೆ ಕತ್ತರಿಸಿದರೆ ನೆಲಕ್ಕೆ ಪೂರ್ತಿ ಕೂರುತ್ತದೆ. ಅಡಿಗೆ ಹಳೆ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದೆ.

ಎರಡು ಏಣಿ ಅಗಲಿ ಹೋಗದ ಹಾಗೆ, ಮಡಚಿಕೊಳ್ಳದ ಹಾಗೆ ಕೆಳಗೆ ಎರಡೂ ಬದಿಗೆ ಒಂದೊಂದು ಅಡ್ಡಪಟ್ಟಿ ಬೇಕು. ಹಗ್ಗ, ಸರಪಳಿ ಕಟ್ಟಿದರೆ ಏಣಿ ಅಗಲುವುದು ನಿಲ್ಲುತ್ತದೆ, ಮಡಚುವುದು ನಿಲ್ಲುವುದಿಲ್ಲ. ಮಡಚುವಾಗ ತುದಿಯ ಸಂದಿನಲ್ಲಿ ಬೆರಳು ಸಿಕ್ಕಿದರೆ ಜಜ್ಜಿಹೋಗುತ್ತದೆ. ಅದಕ್ಕೆ ಗಟ್ಟಿ ಮರದ ಪಟ್ಟಿಯನ್ನೇ ಹಾಕಿದೆ. ಒಳ ಏಣಿ 4 ಸೆಂ.ಮೀ. ಒಳಗಿರುವುದರಿಂದ ಅಲ್ಲಿ ಅಷ್ಟೇ ದಪ್ಪದ ತುಂಡು ಕೊಡಬೇಕು. ಕೈಯಲ್ಲಿ ತಿರುಗಿಸುವ ಚಿಟ್ಟೆ ನಟ್ಟು ಬೇಡ, ಮಗು ಬಿಚ್ಚುತ್ತದೆ. ಸ್ಪ್ಯಾನರ್ ಬೇಕಾದ ನಟ್ಟೇ ಇರಲಿ.

ಉಜ್ಜುವ ಕೆಲಸ ಪೂರ್ತಿ ಅಕ್ಕನದು. 80, 120, 220 ನಂಬರಿನ ಸ್ಯಾಂಡ್‌ಪೇಪರ್, ಒಂದಾದ ಮೇಲೊಂದು. ಕೊನೆಗೆ ಹಳೆಯ ನೈಲಾನ್ ಕಾಲುಚೀಲವನ್ನು ಕೋಲಿನ ಮೇಲೆ ಎಳೆದು ನೋಡಿದಳು. ದಾರ ಸಿಕ್ಕಿಕೊಂಡ ಕಡೆ ಸಿಬಿರು ಇದೆ ಅಂತ, ಅಲ್ಲಿ ಮತ್ತೆ ಉಜ್ಜು. ಬಣ್ಣ, ವಾರ್ನಿಶ್ ಬಳಿಯಲಿಲ್ಲ. ಬದಿಯ ಪಟ್ಟಿಗೆ ಮಾತ್ರ ಜೇನುಮೇಣ ಬಿಸಿ ಮಾಡಿ ತಿಕ್ಕಿದೆವು. ಅಡ್ಡಕೋಲಿಗೆ ಮೇಣ ಹಚ್ಚಿದರೆ ಕಾಲು ಜಾರುತ್ತದೆ, ಅವು ಬರಿಮರವಾಗಿಯೇ ಚೆನ್ನ. ಬೂಷ್ಟು ಕಾಣಿಸಿದರೆ ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ ಒಲೆ ಪಕ್ಕ ಒಣಗಿಸಿದರೆ ಮುಗಿಯಿತು.

ಮಗುವನ್ನು ಬಿಡುವ ಮೊದಲು 25 ಕೆ.ಜಿ. ಅಕ್ಕಿ ಮೂಟೆಯನ್ನು ಒಂದೇ ಕೋಲಿಗೆ ರಾತ್ರಿಯಿಡೀ ನೇತುಹಾಕಿದೆವು. ಆಮೇಲೆ ಒಂದು ಕಡೆಯ ಮೇಲಿನ ಕೋಲಿಗೆ ನನ್ನ ಭಾರ ಬಿಟ್ಟು ಅಲುಗಾಡಿಸಿ ನೋಡಿದೆ. ಕದಲಲಿಲ್ಲ. ಅದನ್ನು ಕಿಟಕಿಯಿಂದ, ಗೋಡೆಯಿಂದ ದೂರ, ಕೋಣೆಯ ನಡುವೆ ನಿಲ್ಲಿಸಿದ್ದೇವೆ. ಸುತ್ತ ನಾಲ್ಕೂ ಕಡೆ ಮ್ಯಾಟು.

ಪುಟ್ಟಿ ಮೊದಲು ಎರಡು ಕೋಲು ಹತ್ತಿದಳು, ಇಳಿದಳು. ಅಡಿಯಲ್ಲಿ ನುಸುಳಿ ಆಚೆ ಬಂದಳು. ತುದಿ ದಾಟಿದ್ದು ಎಷ್ಟೋ ದಿನದ ಮೇಲೆ, ಯಾರೂ ಹೇಳಿಕೊಡದೆ. ದಾಟಿ ಇಳಿದು "ಮಾಮಾ, ಇನ್ನೊಂದ್ಸಲ" ಅಂತ ತಾನೇ ಹೇಳಿಕೊಂಡು ಮತ್ತೆ ಹತ್ತಿದಳು.

ಜಾರುಹಲಗೆ ಆಮೇಲಿನ ಸೇರ್ಪಡೆ. 110 ಸೆಂ.ಮೀ. ಉದ್ದ, 40 ಅಗಲ, ಅಡಿಯಲ್ಲಿ ಎರಡು ಕಚ್ಚು ಕೊರೆದ ತುಂಡು. ಕಚ್ಚು ಕೋಲಿನ ಮೇಲೆ ಕೂರುತ್ತದೆ. ನಾಲ್ಕನೇ ಕೋಲಿಗೆ ಸಿಕ್ಕಿಸಿದರೆ 38 ಸೆಂ.ಮೀ. ಎತ್ತರದಿಂದ ಜಾರು. ಕೆಳಗಿನ ಕೋಲಿಗೆ ಹಾಕಿದರೆ ನಡೆದು ಹತ್ತುವ ಏರು. ಈ ಹಲಗೆಯ ಒಂದು ಮುಖಕ್ಕೆ ಮೇಣ ಧಾರಾಳವಾಗಿ ತಿಕ್ಕಿ, ಇನ್ನೊಂದು ಮುಖಕ್ಕೆ ಬೇಡ.

ಹಿಟ್ಟು, ಅಕ್ಕಿ, ಸೇರು, ಪಾವು

ಆಟದ ಹಿಟ್ಟಿಗೆ ಎಲ್ಲರೂ ಹೇಳುವುದು ಮೈದಾ, ಅರ್ಧದಷ್ಟು ಉಪ್ಪು, ಎಣ್ಣೆ, ನೀರು. ಅಕ್ಕ ಅಲ್ಲಿ ಅದನ್ನೇ ಮಾಡುತ್ತಿದ್ದಳು. ಕೊಡಗಿನ ಜುಲೈನಲ್ಲಿ ಅದು ನಡೆಯುವುದಿಲ್ಲ. ಉಪ್ಪು ಗಾಳಿಯ ತೇವ ಎಳೆದು ಹಿಟ್ಟು ನೀರಾಗುತ್ತದೆ. ತೋಟದ ಮನೆಯಲ್ಲಿ ನಾಯಿ ಇದ್ದೇ ಇರುತ್ತದೆ, ಅಷ್ಟು ಉಪ್ಪಿನ ಹಿಟ್ಟು ತಿಂದರೆ ನಾಯಿಯ ಜೀವಕ್ಕೇ ಅಪಾಯ. ಮಗು ತಿಂದರೂ ಒಳ್ಳೆಯದಲ್ಲ.

ಅಮ್ಮ ಒಂದೇ ಮಾತಲ್ಲಿ ಬಗೆಹರಿಸಿದರು: "ನೂಪುಟ್ಟಿಗೆ ಬೇಯಿಸ್ತೀವಲ್ಲ, ಆ ಅಕ್ಕಿ ಹಿಟ್ಟೇ ಕೊಡಿ." ನೂಪುಟ್ಟು ಅಂದರೆ ನಮ್ಮ ಕಡೆಯ ಒತ್ತು ಶಾವಿಗೆ. ಕುದಿಯುವ ನೀರಿಗೆ ಅಕ್ಕಿ ಹಿಟ್ಟು ಹಾಕಿ, ಮಗುಚಿ, ಮುಚ್ಚಿಟ್ಟು, ಉಗುರುಬೆಚ್ಚಗಾದ ಮೇಲೆ ಚೆನ್ನಾಗಿ ನಾದಿದರೆ ಮೆತ್ತಗಿನ ಮುದ್ದೆ. ತಿಂದರೂ ಚಿಂತೆಯಿಲ್ಲ. ಒಂದು ಬೆಳಗಿಗೆ ಮಾತ್ರ ಇದು, ಆಟ ಮುಗಿದ ಮೇಲೆ ಕೋಳಿಗೆ. ಬಣ್ಣಕ್ಕೆ ಅರಿಶಿನ, ಬೀಟ್‌ರೂಟ್. ಕೊಡವರ ಕಕ್ಕಡ ತಿಂಗಳ ಹದಿನೆಂಟರ ಹೊತ್ತಿಗೆ, ಅಂದರೆ ಆಗಸ್ಟ್ 3ರ ಆಸುಪಾಸಿಗೆ, ಆ ದಿನದ ಪಾಯಸಕ್ಕೆ ಹಾಕುವ ಮದ್ದುಸೊಪ್ಪು ಬೇಯಿಸಿದ ನೀರು ಮನೆಯಲ್ಲಿ ಇತ್ತು. ಪಾಯಸಕ್ಕೆ ಬಳಸಿ ಉಳಿದದ್ದರಲ್ಲಿ ಹಿಟ್ಟು ಕಲಸಿಕೊಟ್ಟರು. ಆ ಕಡು ನೇರಳೆಗೆ ಅಂಗಡಿಯ ಯಾವ ಬಣ್ಣವೂ ಸಮ ಅಲ್ಲ.

ನೂಪುಟ್ಟು ಒತ್ತುವ ಒರಳನ್ನು ಕೊಟ್ಟದ್ದು ಅಮ್ಮನ ಇನ್ನೊಂದು ಉಪಕಾರ. ಬಿಸಿ ಆರಿದ ಹಿಟ್ಟು ತುಂಬಿ, ಅಜ್ಜಿ ಮೊಮ್ಮಗಳು ಇಬ್ಬರೂ ಸೇರಿ ಒತ್ತುತ್ತಾರೆ. ಎಳೆ ಎಳೆಯಾಗಿ ಕೆಳಗೆ ಇಳಿಯುವುದನ್ನು ನೋಡಿ ಪುಟ್ಟಿ ಮೈಭಾರ ಪೂರ್ತಿ ಬಿಟ್ಟು ಒತ್ತುತ್ತಾಳೆ. ತೋಳು, ಬೆನ್ನು, ಕಾಲು, ಎಲ್ಲಕ್ಕೂ ಕೆಲಸ. ಇದಕ್ಕೆ ಸಮನಾದ ಆಟಿಕೆ ನಾನು ಕಂಡಿಲ್ಲ. ಅಕ್ಕ ವಾಪಸ್ ಹೋಗುವಾಗ ಪೆಟ್ಟಿಗೆಗೆ ಹಾಕುವುದು ಚಕ್ಕುಲಿ ಒರಳನ್ನು, ಅದು ಹಗುರ. ಅಕ್ಕಿ ಹಿಟ್ಟು ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ.

ಸುರಿಯುವ ಆಟಕ್ಕೆ ದೊಡ್ಡ ಹರಿವಾಣ, ಅದರಲ್ಲಿ ಅಕ್ಕಿ, ಪಕ್ಕದಲ್ಲಿ ಹಳೆಯ ಸೇರು, ಪಾವು. ನಾಲ್ಕು ಪಾವು ಸುರಿದರೆ ಸೇರು ತುಂಬುತ್ತದೆ. ಅವಳಿಗೆ ಎಣಿಕೆ ಬರುವುದಿಲ್ಲ, ಆದರೆ ತುಂಬಿ ಚೆಲ್ಲುವ ಹೊತ್ತು ಗೊತ್ತಾಗಿದೆ. ಆಟದ ಅಕ್ಕಿಯನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಬೇರೆ ಇಡಬೇಕು, ಇಲ್ಲದಿದ್ದರೆ ಹುಳ, ಬೂಷ್ಟು.

ಕಾಳಿನ ವಿಷಯದಲ್ಲಿ ಎಚ್ಚರ. ಮೂರು ವರ್ಷದೊಳಗಿನ ಮಕ್ಕಳಿಗೆ 3.2 ಸೆಂ.ಮೀ. ಅಗಲದ ಕೊಳವೆಯಲ್ಲಿ ತೂರುವ ಯಾವ ಗಟ್ಟಿ ವಸ್ತುವೂ ಗಂಟಲಿಗೆ ಸಿಕ್ಕಬಹುದು. ಕಡಲೆಕಾಯಿ ಬೀಜ, ಕಡಲೆ, ಗೋಲಿ ಬೇಡ. ಹಸಿ ರಾಜ್ಮಾ ತಿಂದರೆ ವಿಷ. ಗುಲಗಂಜಿ ನೋಡಲು ಚೆಂದ, ಅದು ಕಡುವಿಷ, ಮಗು ಇರುವ ಮನೆಯಲ್ಲೇ ಇಡಬೇಡಿ. ಅಕ್ಕಿ ಆಡುವಾಗಲೂ ದೊಡ್ಡವರೊಬ್ಬರು ಪಕ್ಕದಲ್ಲೇ ಕೂತಿರಬೇಕು, ಮೂಗು, ಕಿವಿಗೆ ತುರುಕಿಕೊಳ್ಳುವ ವಯಸ್ಸು.

ಹೊರುವ ಕೆಲಸ

ಇದಕ್ಕೆ ಕಟ್ಟಿದ್ದು ಕಡಿಮೆ, ಹೊಲಿದದ್ದೇ ಜಾಸ್ತಿ. ದಪ್ಪ ಹತ್ತಿ ಬಟ್ಟೆಯಲ್ಲಿ ಪುಟ್ಟ ಮೂಟೆಗಳು, ಒಳಗೆ ಅರ್ಧ ಕೆ.ಜಿ., ಒಂದು ಕೆ.ಜಿ. ಭತ್ತ, ಬಾಯಿಗೆ ಎರಡು ಸಾಲು ಹೊಲಿಗೆ. ಜೊತೆಗೆ ಒಂದು ಸಣ್ಣ ಬಿದಿರಿನ ಬುಟ್ಟಿ. ಮೂಟೆಗಳನ್ನು ಈ ಮೂಲೆಯಿಂದ ಆ ಮೂಲೆಗೆ ಸಾಗಿಸುವುದು, ಪೇರಿಸುವುದು. ಅಪ್ಪ ಅದಕ್ಕೆ ಕಾಫಿ ಮೂಟೆ ಲೋಡ್ ಮಾಡುವ ಕತೆ ಕಟ್ಟಿದ್ದಾರೆ, ಮ್ಯಾಟಿನ ಮೂಲೆ ಲಾರಿ. ಓಡಿ ದಣಿಯದ ಮಗು ಭಾರ ಹೊತ್ತು ದಣಿಯುತ್ತದೆ, ಮಧ್ಯಾಹ್ನದ ನಿದ್ದೆ ಚೆನ್ನಾಗಿ ಬರುತ್ತದೆ. ಕೆಳಗಿನ ಮನೆಗೂ ಸದ್ದಿಲ್ಲ. ಗ್ಲಾಸ್ಗೋಗೆ ಬಟ್ಟೆಯ ಚೀಲಗಳನ್ನು ಖಾಲಿ ಒಯ್ದರೆ ಸಾಕು, ಅಲ್ಲಿ ಅಕ್ಕಿ ತುಂಬಿಸಿ ಬಾಯಿ ಹೊಲಿಯಬಹುದು.

ನಿಜವಾದ ಮನೆಕೆಲಸ ಇದ್ದರೆ ಇನ್ನೂ ಒಳ್ಳೆಯದು. ಜಗಲಿಯಿಂದ ಒಂದೊಂದೇ ಸಣ್ಣ ಸೌದೆ ತಂದು ಒಲೆಯಿಂದ ದೂರ ಪೇರಿಸುವುದು, ಆಲೂಗಡ್ಡೆ ತೊಳೆಯುವುದು, ಒಣಗಿದ ಬಟ್ಟೆಯಲ್ಲಿ ಕಾಲುಚೀಲದ ಜೋಡಿ ಹುಡುಕುವುದು. ಅಂದಹಾಗೆ, ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದು ಎಷ್ಟು ದೊಡ್ಡ ಕೆಲಸ ಅಂತ ಕೊಡಗಿನವರಿಗೂ ಸ್ಕಾಟ್ಲೆಂಡಿನವರಿಗೂ ಬೇರೆ ಯಾರೂ ಹೇಳಬೇಕಿಲ್ಲ.

ಅಡಗುವ ಜಾಗ

ತ್ರಿಕೋನದ ಮೇಲೆ ಅಮ್ಮನ ಹಳೆ ಹತ್ತಿ ಸೀರೆ ಹೊದಿಸಿದರೆ ಗುಡಾರ. ಕಟ್ಟುವ ದಾರ ಒಂದು ಗೇಣು ಮೀರಬಾರದು. ಯುರೋಪಿನ ಆಟಿಕೆ ನಿಯಮದಲ್ಲೂ ಪುಟ್ಟ ಮಕ್ಕಳಿಗೆ ಕುತ್ತಿಗೆ ಸುತ್ತಬಲ್ಲ ದಾರದ ಉದ್ದಕ್ಕೆ ಮಿತಿ ಇದೆ. ನಾನು ದಾರವನ್ನೇ ಬಿಟ್ಟು, ಬಟ್ಟೆ ಒಣಹಾಕುವ ದೊಡ್ಡ ಮರದ ಕ್ಲಿಪ್ ಹಾಕಿದ್ದೇನೆ. ಕರೆಂಟು ಹೋದಾಗ ಒಳಗೆ ಟಾರ್ಚ್ ಹಿಡಿದರೆ ಸೀರೆಯ ಮೇಲೆ ನೆರಳಿನಾಟ. ಕೈಯಲ್ಲೇ ನಾಯಿ, ಹಕ್ಕಿ, ಆನೆ. ನಮ್ಮ ತೋಟಕ್ಕೆ ಆನೆ ಬಂದು ಹೋದ ಕತೆಯನ್ನು ಅಪ್ಪ ಹೇಳುತ್ತಾರೆ, ಅವಳು ಬಾಯಿಬಿಟ್ಟು ಕೇಳುತ್ತಾಳೆ. ಟಾರ್ಚಿನ ಬ್ಯಾಟರಿ ಮುಚ್ಚಳ ಸ್ಕ್ರೂ ಹಾಕಿದ್ದಿರಬೇಕು. ಗುಂಡಿಯಂಥ ಪುಟ್ಟ ಬ್ಯಾಟರಿ ನುಂಗಿದರೆ ಕೆಲವೇ ಗಂಟೆಯಲ್ಲಿ ಅನ್ನನಾಳ ಸುಡುತ್ತದೆ. ಮೇಣದಬತ್ತಿ ಬೇಡ.

ಮಳೆಮಾಪಕ

ಮನೆಯೊಳಗೇ ಇಟ್ಟುಕೊಂಡರೆ ಮಳೆ ಅನ್ನುವುದು ಮಗುವಿಗೆ ಬರೀ ಅಡ್ಡಿಯಾಗಿ ಉಳಿಯುತ್ತದೆ. ಅದಕ್ಕೆ ಒಂದು ಸಣ್ಣ ಕೆಲಸ ಸೇರಿಸಿದೆವು. ಕಾಫಿ ತೋಟದ ಮನೆಗಳಲ್ಲಿ ಮಳೆಮಾಪಕ ಇರುತ್ತದೆ, ದಿನದ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿ.ಮೀ. ಅಪ್ಪ ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಾರೆ, ಹವಾಮಾನ ಇಲಾಖೆ ಅಳೆಯುವುದೂ ಅದೇ ಹೊತ್ತಿಗೆ. ಪುಟ್ಟಿಗೆ ಗಮ್‌ಬೂಟು, ರೇನ್‌ಕೋಟು ಹಾಕಿ ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಅಜ್ಜ ಅಳೆದ ನೀರನ್ನು ಚೆಲ್ಲುವ ಹಕ್ಕು ಅವಳದು. ಗೋಡೆಯ ಕ್ಯಾಲೆಂಡರಿನಲ್ಲಿ ಅವತ್ತಿನ ಚೌಕಕ್ಕೆ ನೀಲಿ ಗೀಟು ಎಳೆಯುತ್ತಾಳೆ. ಜೋರು ಮಳೆಯಾದರೆ ಉದ್ದ ಗೀಟು. ಒಳಗೆ ಬಂದ ಕೂಡಲೇ ಬೂಟಿನೊಳಗೆ, ಬೆರಳ ಸಂದಿನಲ್ಲಿ ಜಿಗಣೆ ಇದೆಯಾ ಅಂತ ನೋಡುವುದು, ಕಾಲಿಗೆ ಬಿಸಿನೀರು. ಗ್ಲಾಸ್ಗೋದಲ್ಲಿ ಅಂಗಳ ಇಲ್ಲ. ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯನ್ನು ಕತ್ತರಿಸಿ ಪಾರ್ಕಿನ ಬೇಲಿ ಪಕ್ಕ ಇಡಬೇಕು ಅಂತ ಅಕ್ಕನ ಯೋಚನೆ.

ಇನ್ನು ಮುಂದೆ

ಗ್ಲಾಸ್ಗೋಗೆ ಮರ ಒಯ್ಯುವುದಿಲ್ಲ. ಪೆಟ್ಟಿಗೆಯಲ್ಲಿ ಹೋಗುವುದು ಖಾಲಿ ಮೂಟೆ ಚೀಲ, ಸೀರೆ, ಚಕ್ಕುಲಿ ಒರಳು, ಪಾವು. ತ್ರಿಕೋನವನ್ನು ಅಲ್ಲೇ ಇದೇ ಅಳತೆಗೆ ಮಾಡಿಸುತ್ತಾರೆ. 60 ಸೆಂ.ಮೀ. ಅಗಲ 762 ಮಿ.ಮೀ. ಬಾಗಿಲಲ್ಲಿ ಆರಾಮಾಗಿ ಹೋಗುತ್ತದೆ. ಅಡ್ಡಪಟ್ಟಿ ಬಿಚ್ಚಿದರೆ ಮಡಚಿ ಮಂಚದ ಕೆಳಗೆ. ಕೋಲಿನ ದಪ್ಪ ಅಲ್ಲಿ ಬೇರೆ ಸಿಕ್ಕರೆ 11ರ ಅಂತರವನ್ನು ಹಾಗೇ ಇಡಬೇಡ, ಸಂದು 9ರೊಳಗೆ ಇದೆಯಾ ಅಂತ ಮತ್ತೆ ಲೆಕ್ಕ ಹಾಕು ಅಂತ ಅವಳ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟಿದ್ದೇನೆ. ಮ್ಯಾಟು ಅಲ್ಲಿ ಎರಡು ಪದರ, ಕೆಳಗಿನ ಮನೆಯವರಿಗಾಗಿ.

ಇಲ್ಲಿನದನ್ನು ನೋಡಿದ ನಮ್ಮ ಊರಿನ ಅಂಗನವಾಡಿ ಟೀಚರ್ ತಮಗೂ ಒಂದು ಬೇಕು ಅಂದರು. ಅಲ್ಲಿ ಒಟ್ಟಿಗೆ ಎಷ್ಟೋ ಮಕ್ಕಳು ಹತ್ತುತ್ತಾರೆ, ಅದಕ್ಕೆ ಎತ್ತರ ಇಳಿಸಿದ್ದೇನೆ. ಏಣಿಗೆ ಐದೇ ಕೋಲು, 66ಕ್ಕೆ ಬೋಲ್ಟು, ಪಾದಗಳ ನಡುವೆ 66, ನಿಂತಾಗ ಎತ್ತರ 57 ಸೆಂ.ಮೀ. ಕುಶಾಲನಗರದ ಆಚಾರ್ರಿಗೆ ಹತ್ತು ಕೋಲು ಹೇಳಿ ಆಗಿದೆ. ಪಟ್ಟಿಗೆ ಆಗುವಷ್ಟು ಹಲಸಿನ ರೀಪು ಅಟ್ಟದಲ್ಲಿ ಇನ್ನೂ ಇದೆ.